ಗುಣವಾಗದು ಎಂಬ ಮಾತು ಸುಳ್ಳಾದ ಮೇಲೆ

ಬೆಳಿಗ್ಗೆ ದೇವರಂತೆ ಕಂಡವರು ಸಂಜೆಯ ಹೊತ್ತಿಗೆ ಶತ್ರುವಾಗಿ ಕಾಣುವುದು, ಫೋನ್ ಎತ್ತಲು ತುಸು ತಡವಾದರೆ ಕೈಬಿಟ್ಟೇಬಿಟ್ಟರೆಂಬ ದಿಗಿಲು, ಆ ದಿಗಿಲಿನಿಂದ ಹುಟ್ಟುವ ಸಿಟ್ಟು, ಸಿಟ್ಟಿನ ಬೆನ್ನಿಗೇ ನಾಚಿಕೆ, ಯಾವುದರಿಂದಲೂ ತುಂಬದ ಬರಿದುತನ, ಕೊನೆಗೆ ತನ್ನ ಮೈಗೆ ತಾನೇ ಗಾಯ ಮಾಡಿಕೊಳ್ಳುವಷ್ಟು ಸಂಕಟ. ಇಂಥ ಒಬ್ಬರನ್ನು ಹತ್ತಿರದಿಂದಲೋ ದೂರದಿಂದಲೋ ಕಂಡ ನೆನಪು ನಮ್ಮಲ್ಲಿ ಅನೇಕರಿಗಿದೆ. ಅವರನ್ನು ಮುಂಗೋಪಿ ಎಂದೆವು, ಹಟಮಾರಿ ಎಂದೆವು, ಹೆಣ್ಣಾದರೆ ನಾಟಕ ಮಾಡುತ್ತಾಳೆ ಎಂದೆವು. ಹರಕೆ ಹೊತ್ತೆವು, ಯಂತ್ರ ಕಟ್ಟಿಸಿದೆವು, ಮದುವೆಯಾದರೆ ಸರಿಹೋದೀತೆಂದು ಮದುವೆ ಮಾಡಿದೆವು. ಈ ಸಂಕಟಕ್ಕೆ 1980ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ತನ್ನ ರೋಗನಿರ್ಣಯ ಕೈಪಿಡಿಯ ಮೂರನೆಯ ಆವೃತ್ತಿಯಲ್ಲಿ ಬಾರ್ಡರ್‌ಲೈನ್ ವ್ಯಕ್ತಿತ್ವ ದೋಷವೆಂದು ಅಧಿಕೃತ ಸ್ಥಾನ ಕೊಟ್ಟಿತು. ಅಲ್ಲಿಂದೀಚಿನ ನಾಲ್ಕೂವರೆ ದಶಕಗಳಲ್ಲಿ ವೈದ್ಯಲೋಕ ಕಲಿತದ್ದು ಬಹಳ. ಅದರಲ್ಲಿ ರೋಗಿಯ ಮನೆಬಾಗಿಲಿಗೆ ತಲುಪಿದ್ದು ಸ್ವಲ್ಪ.

1980ರ ತನಕದ ಹಾದಿಯೂ ನೇರವಾಗಿರಲಿಲ್ಲ. 1938ರಲ್ಲಿ ನ್ಯೂಯಾರ್ಕಿನ ಮನೋವಿಶ್ಲೇಷಕ ಅಡಾಲ್ಫ್ ಸ್ಟರ್ನ್ ಅವರು ಮಾಮೂಲಿ ಮನೋವಿಶ್ಲೇಷಣೆಗೆ ಒಗ್ಗದ, ಹಾಗೆಂದು ಬುದ್ಧಿಭ್ರಮಣೆಯೂ ಇಲ್ಲದ ರೋಗಿಗಳನ್ನು ಬೇರೆಯದೇ ಗುಂಪಾಗಿ ವಿವರಿಸಿದ್ದರು. 1967ರಲ್ಲಿ ಒಟ್ಟೊ ಕರ್ನ್‌ಬರ್ಗ್, ಎದುರಿಗಿರುವವರನ್ನು ಪೂರ್ತಿ ಒಳ್ಳೆಯವರು ಇಲ್ಲವೇ ಪೂರ್ತಿ ಕೆಟ್ಟವರು ಎಂದು ಸೀಳಿ ನೋಡುವ ಮನಸ್ಸಿನ ಒಳರಚನೆಯನ್ನು ತೆರೆದಿಟ್ಟರು. 1975ರಲ್ಲಿ ಜಾನ್ ಗಂಡರ್ಸನ್ ಮತ್ತು ಮಾರ್ಗರೆಟ್ ಸಿಂಗರ್ ಚದುರಿದ್ದ ಬರಹಗಳನ್ನೆಲ್ಲ ಜಾಲಾಡಿ, ವೈದ್ಯರು ಗುರುತಿಸಬಹುದಾದ ಲಕ್ಷಣಗಳನ್ನು ಒಟ್ಟುಮಾಡಿದರು. ಐದು ವರ್ಷಗಳ ಬಳಿಕ ಕೈಪಿಡಿಗೆ ಬಂದ ಲಕ್ಷಣಗಳು ಎಂಟು, 1994ರಲ್ಲಿ ಒಂಬತ್ತಾದವು. ಅವುಗಳಲ್ಲಿ ಐದು ಕಂಡರೆ ರೋಗನಿರ್ಣಯವಾಗುತ್ತದೆ. ಒಂದೇ ಕಾಯಿಲೆಯೆನ್ನಿಸಿಕೊಂಡ ಇಬ್ಬರ ನಡುವೆ ಒಂದೇ ಒಂದು ಲಕ್ಷಣ ಸಮಾನವಾಗಿರುವುದೂ ಸಾಧ್ಯ. ಅಕ್ಕನನ್ನು ಕಂಡ ಕಣ್ಣಿಗೆ ತಮ್ಮನ ಸಂಕಟ ಕಾಣದೆ ಹೋಗುವುದು ಇದರಿಂದಲೇ.

ಹೆಸರು ಸಿಕ್ಕಿದ್ದು ಲಾಭವೆಂದು ಆಗ ಎಲ್ಲರೂ ನಂಬಿದ್ದರು. ಆದರೆ ಆ ಹೆಸರೇ ಎಷ್ಟೋ ಆಸ್ಪತ್ರೆಗಳಲ್ಲಿ ರೋಗಿಯನ್ನು ಹೊರಗಿಡುವ ನೆಪವಾಯಿತು. 1988ರಲ್ಲಿ ಬ್ರಿಟನ್ನಿನ ಲೂಯಿಸ್ ಮತ್ತು ಆಪಲ್‌ಬಿ ಎಂಬಿಬ್ಬರು ಮನೋವೈದ್ಯರು ತಮ್ಮ ವೃತ್ತಿಬಾಂಧವರ ಮುಂದೆ ರೋಗಿಯೊಬ್ಬರ ವಿವರಗಳನ್ನಿಟ್ಟರು. ಈ ರೋಗಿಗೆ ವ್ಯಕ್ತಿತ್ವ ದೋಷವಿದೆಯೆಂದು ಹಿಂದೊಮ್ಮೆ ಹೇಳಲಾಗಿತ್ತು ಎಂಬ ಮಾತು ಸೇರಿದ್ದಾಗ, ವೈದ್ಯರಿಗೆ ಆ ರೋಗಿ ಕಿರಿಕಿರಿಯವರಾಗಿ, ಆರೈಕೆಗೆ ಅಷ್ಟೇನೂ ಅರ್ಹರಲ್ಲದವರಾಗಿ ಕಂಡರು. ನೊಂದವರು ಬೇಕೆಂದೇ ಹೀಗೆ ಮಾಡುತ್ತಾರೆ ಎಂಬ ಮಾತು ಅಜ್ಜಿಯ ಬಾಯಿಂದ ಬಂದರೆ ಸಹಿಸಬಹುದು, ವೈದ್ಯರಿಂದ ಬಂದರೆ ನೊಂದವರು ಹೋಗುವುದೆಲ್ಲಿಗೆ? ಮರುವರ್ಷವೇ ಜೂಡಿತ್ ಹರ್ಮನ್ ಮತ್ತು ಸಂಗಡಿಗರು, ಇಂಥ ರೋಗಿಗಳಲ್ಲಿ ಬಹುಪಾಲು ಮಂದಿ ಬಾಲ್ಯದಲ್ಲಿ ಹಿಂಸೆ, ದೌರ್ಜನ್ಯ ಉಂಡವರೆಂದು ತೋರಿಸಿದರು. ಎಲ್ಲರ ಕಥೆಯೂ ಅದೇ ಅಲ್ಲ. ಹುಟ್ಟಿನಿಂದ ಬಂದ ಸೂಕ್ಷ್ಮತೆಯ ಪಾಲೂ ದೊಡ್ಡದೆಂದು ಅವಳಿಗಳ ಅಧ್ಯಯನಗಳು ಹೇಳಿವೆ. ಎಲ್ಲ ತಪ್ಪನ್ನೂ ಹೆತ್ತವರ ತಲೆಗೆ ಕಟ್ಟುವುದು ಹಳೆಯ ಅನ್ಯಾಯದ ಜಾಗದಲ್ಲಿ ಹೊಸ ಅನ್ಯಾಯವನ್ನು ಕೂರಿಸಿದಂತೆ.

ಈ ಕತ್ತಲಲ್ಲಿ ದಾರಿ ತೋರಿದವರು ಸಿಯಾಟಲ್‌ನ ಮನಶ್ಶಾಸ್ತ್ರಜ್ಞೆ ಮಾರ್ಷಾ ಲೈನಹನ್. ಅವರ ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿಯ, ಅಂದರೆ ಡಿಬಿಟಿಯ, ಮೊದಲ ಪ್ರಯೋಗದ ಫಲಿತಾಂಶ ಪ್ರಕಟವಾದದ್ದು 1991ರಲ್ಲಿ. ನಿನ್ನ ನೋವು ನಿಜ, ಅದಕ್ಕೆ ಕಾರಣವಿದೆ ಎಂದು ಮೊದಲು ಒಪ್ಪಿಕೊಳ್ಳುವುದು, ಜೊತೆಜೊತೆಗೇ ಬದುಕನ್ನು ಬದಲಿಸುವ ಕೌಶಲಗಳನ್ನು ಪಾಠದಂತೆ ಕಲಿಸುವುದು ಅದರ ತಿರುಳು. ವಾರಕ್ಕೊಮ್ಮೆ ಒಬ್ಬರೇ ಕೂತು ಮಾತು, ವಾರಕ್ಕೊಮ್ಮೆ ಗುಂಪಿನಲ್ಲಿ ಕಲಿಕೆ, ನಡುವೆ ತಡೆಯಲಾಗದ ಗಳಿಗೆಯಲ್ಲಿ ಫೋನ್, ಹೀಗೆ ಸುಮಾರು ಒಂದು ವರ್ಷ. ಚಿಕಿತ್ಸೆ ಕೊಡುವವರೂ ಸೋತುಹೋಗದಂತೆ ಅವರಿಗೂ ಒಂದು ತಂಡದ ಆಸರೆ. 2011ರಲ್ಲಿ ಕನೆಕ್ಟಿಕಟ್ ರಾಜ್ಯದ ಹಾರ್ಟ್‌ಫರ್ಡ್‌ನ ಆಸ್ಪತ್ರೆಯೊಂದರಲ್ಲಿ ನಿಂತು ಲೈನಹನ್ ತಮ್ಮ ಕಥೆ ಹೇಳಿದರು. 1961ರಲ್ಲಿ, ಹದಿನೇಳರ ಹರೆಯದಲ್ಲಿ, ಅದೇ ಆಸ್ಪತ್ರೆಗೆ ದಾಖಲಾಗಿ ಎರಡು ವರ್ಷಕ್ಕೂ ಹೆಚ್ಚು ಕಾಲ ಅಲ್ಲಿ ಕಳೆದಿದ್ದವರು ಅವರು. ಆಗ ಅವರಿಗೆ ಅಂಟಿಸಿದ್ದು ಸ್ಕಿಜೋಫ್ರೇನಿಯಾ ಎಂಬ ಚೀಟಿ. ಕೈಮೇಲಿನ ಕಲೆಗಳನ್ನು ನೋಡಿ, ನೀವೂ ನಮ್ಮವರೇನು ಎಂದು ರೋಗಿಯೊಬ್ಬರು ಕೇಳಿದ್ದ ಪ್ರಶ್ನೆಯೇ ಬಾಯಿಬಿಡಲು ಅವರನ್ನು ಒತ್ತಾಯಿಸಿತ್ತು. ಸಂಕೋಚವಿಲ್ಲದೆ ಹೇಳುತ್ತೇವೆ, ಈ ಕಾಯಿಲೆಯ ಚರಿತ್ರೆಯಲ್ಲಿ ಇದಕ್ಕಿಂತ ಧೈರ್ಯದ ಗಳಿಗೆ ಇನ್ನೊಂದಿಲ್ಲ.

ಲಂಡನ್ನಿನಲ್ಲಿ ಬೇಟ್‌ಮನ್ ಮತ್ತು ಫೋನಗಿ 1999ರಲ್ಲಿ ಇನ್ನೊಂದು ಚಿಕಿತ್ಸಾಕ್ರಮದ ಫಲಿತಾಂಶ ಮುಂದಿಟ್ಟರು. ಅದಕ್ಕಿಂತ ದೊಡ್ಡ ಸಮಾಧಾನ ಬಂದದ್ದು ಬಾಸ್ಟನ್ ಬಳಿಯ ಮೆಕ್ಲೀನ್ ಆಸ್ಪತ್ರೆಯಿಂದ. ಅಲ್ಲಿ ಮೇರಿ ಜನರಿನಿ 290 ರೋಗಿಗಳನ್ನು ವರ್ಷಾನುಗಟ್ಟಲೆ ಹಿಂಬಾಲಿಸಿದರು. ಹತ್ತು ವರ್ಷಗಳಲ್ಲಿ ಶೇ 93ರಷ್ಟು ಮಂದಿಯ ಲಕ್ಷಣಗಳು ಕನಿಷ್ಠ ಎರಡು ವರ್ಷ ಶಮನಗೊಂಡಿದ್ದವು. ಗುಣವಾಗದ ಜಾತಿಯ ಕಾಯಿಲೆ ಎಂಬ ಮಾತು ಅಲ್ಲಿಗೆ ಬಿದ್ದುಹೋಯಿತು. ಅದೇ ಅಧ್ಯಯನ ಇನ್ನೊಂದನ್ನೂ ಹೇಳಿತು: ಲಕ್ಷಣಗಳು ಇಳಿದುದರ ಜೊತೆಗೆ ಉದ್ಯೋಗ, ಸ್ನೇಹಗಳ ಬದುಕನ್ನೂ ಗಟ್ಟಿಯಾಗಿ ಕಟ್ಟಿಕೊಂಡವರು ಅರ್ಧದಷ್ಟು ಮಾತ್ರ.

ನಮ್ಮ ನಾಡಿನ ಲೆಕ್ಕಕ್ಕೆ ಬರೋಣ. ಮನಸ್ಸಿನ ಕಾಯಿಲೆಯ ವಿಷಯದಲ್ಲಿ ಕನ್ನಡ ಹಿಂದೆ ಬಿದ್ದ ಭಾಷೆಯಲ್ಲ. ಡಾ. ಎಂ. ಶಿವರಾಂ ಅವರ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ತ್ರಿವೇಣಿಯವರ ‘ಶರಪಂಜರ’ದ ಕಾವೇರಿ ಆಸ್ಪತ್ರೆಯಿಂದ ಗುಣವಾಗಿ ಬಂದರೂ ಮನೆಯವರ ಕಣ್ಣಲ್ಲಿ ಗುಣವಾಗದೆ ಉಳಿದದ್ದನ್ನು ಕಾದಂಬರಿಯಲ್ಲಿ ಓದಿ, 1971ರಲ್ಲಿ ತೆರೆಯ ಮೇಲೆ ನೋಡಿ ಅತ್ತ ಓದುಗರು ನಾವು. ಆಕೆಯ ಕಾಯಿಲೆ ಬೇರೆ, ಮನೆಯವರ ಆ ನೋಟ ಇದೇ. ಬೆಂಗಳೂರಿನ ನಿಮ್ಹಾನ್ಸ್ 1974ರಿಂದ ದೇಶಕ್ಕೇ ತಜ್ಞರನ್ನು ಕೊಟ್ಟಿತು. ಬಳ್ಳಾರಿಯಲ್ಲಿ ನಡೆದ ಪ್ರಯೋಗವೇ 1996ರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಮೂರ್ಛೆರೋಗ, ತೀವ್ರ ಮನೋರೋಗಗಳಿಗೆ ಹಳ್ಳಿಗೆ ಮಾತ್ರೆ ತಲುಪಿಸಿದ ಆ ಸಾಧನೆ ಚಿಕ್ಕದಲ್ಲ. ತೊಡಕಿರುವುದೂ ಅಲ್ಲಿಯೇ. ನಮ್ಮ ಸರ್ಕಾರಿ ವ್ಯವಸ್ಥೆ ಬೆಳೆದದ್ದು ಮಾತ್ರೆಯ ಸುತ್ತ, ಬಾರ್ಡರ್‌ಲೈನ್ ಸಂಕಟಕ್ಕೆಂದೇ ಒಪ್ಪಿಗೆ ಪಡೆದ ಒಂದು ಮಾತ್ರೆಯೂ ಜಗತ್ತಿನಲ್ಲಿಲ್ಲ. ಜೊತೆಗಿರುವ ಖಿನ್ನತೆಗೆ ಔಷಧ ಕೊಡಬಹುದು. ಮೂಲಕ್ಕೆ ಬೇಕಾದದ್ದು ವಾರವಾರವೂ ಕೂತು ಕೇಳುವ, ತರಬೇತಾದ ಒಬ್ಬ ಮನುಷ್ಯ. ಹೊರರೋಗಿ ವಿಭಾಗದ ಕೆಲವೇ ನಿಮಿಷಗಳಲ್ಲಿ ಅದು ಆಗುವ ಕೆಲಸವಲ್ಲ. ಊರುಗಳಲ್ಲಂತೂ ಡಿಬಿಟಿ ಎಂಬುದು ಹೆಸರಿಗೂ ಸಿಗದು, ಮಹಾನಗರದ ಖಾಸಗಿ ಚಿಕಿತ್ಸೆಯ ಶುಲ್ಕ ಸಾಮಾನ್ಯ ಸಂಸಾರಕ್ಕೆ ನಿಲುಕದು.

ಕಾನೂನು ತುಸು ಮುಂದೆ ನಡೆದಿದೆ. 2018ರಲ್ಲಿ ಜಾರಿಗೆ ಬಂದ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, ಆತ್ಮಹತ್ಯೆಗೆ ಯತ್ನಿಸಿದವರನ್ನು ಅಪರಾಧಿಯೆನ್ನದೆ ತೀವ್ರ ಒತ್ತಡದಲ್ಲಿರುವವರೆಂದು ಭಾವಿಸಬೇಕೆಂದು ವಿಧಿಸಿತು, ಸರ್ಕಾರಿ ಚಿಕಿತ್ಸೆಯನ್ನು ಹಕ್ಕೆಂದು ಕರೆಯಿತು. ಆ ಹಕ್ಕನ್ನು ಬಾರ್ಡರ್‌ಲೈನ್ ರೋಗಿಗೆ ಸಲ್ಲಿಸಲು ಅಸಾಧ್ಯವಾದದ್ದೇನೂ ಬೇಡ. ಟೊರಾಂಟೊದಲ್ಲಿ 180 ರೋಗಿಗಳ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಮಾರ್ಗಸೂಚಿ ಹಿಡಿದು ಮನೋವೈದ್ಯರು ನಿಷ್ಠೆಯಿಂದ ಕೊಟ್ಟ ಸಾಮಾನ್ಯ ಚಿಕಿತ್ಸೆ ಡಿಬಿಟಿಯಷ್ಟೇ ಫಲ ಕೊಟ್ಟಿತು. ಹಾಗಿರುವಾಗ ಪ್ರತಿ ಜಿಲ್ಲಾಸ್ಪತ್ರೆಯ ಮಾನಸಿಕ ಆರೋಗ್ಯ ತಂಡಕ್ಕೆ ಈ ಒಂದು ತರಬೇತಿ ಕೊಡಿಸುವುದು ರಾಜ್ಯ ಸರ್ಕಾರಕ್ಕೆ ಮೀರಿದ ಹೊರೆಯಲ್ಲ. ತರಬೇತಾದವರಿಗೆ ವಾರವಾರ ಕೂತು ಮಾತಾಡುವಷ್ಟು ಬಿಡುವನ್ನೂ ಅದೇ ಆದೇಶದಲ್ಲಿ ಕೊಡಬೇಕು. ಅಲ್ಲಿಯವರೆಗೆ ಓದುಗರಲ್ಲಿ ನಮ್ಮ ಕೋರಿಕೆ ಇಷ್ಟು: ಮನೆಯ ಮಗಳೋ ಮಗನೋ ಸಾಯುತ್ತೇನೆ ಎಂದಾಗ ಅದನ್ನು ಬೆದರಿಕೆಯೆಂದು ತಳ್ಳಿಹಾಕಬೇಡಿ, ಅವರನ್ನು ಒಂಟಿಯಾಗಿ ಬಿಡಬೇಡಿ. ಟೆಲಿ ಮಾನಸ್ ಸಹಾಯವಾಣಿ 14416 ಹಗಲಿರುಳೂ ತೆರೆದಿರುತ್ತದೆ, ಕರೆ ಉಚಿತ, ಕನ್ನಡದಲ್ಲೇ ಮಾತನಾಡಬಹುದು.