ಬಳಲಿದ ಶ್ವಾಸಕೋಶಕ್ಕೆ ಹೊಸ ಆವಿ

ಶ್ವಾಸಕೋಶದ ಕಠಿನ ರೋಗವುಳ್ಳವನು ಬೀಡಿಗೆ ಬದಲಾಗಿ ಇ-ಸಿಗರೇಟನ್ನು ಸೇದಬಹುದೇ? ಈ ಪ್ರಶ್ನೆಯನ್ನು ನಮ್ಮ ಮುಂದಿಟ್ಟವರು, ಹಿಂದೆ ನಮ್ಮ ಹೋಟೆಲಿನಲ್ಲಿದ್ದ ವೃದ್ಧ ಅಡಿಗೆಭಟ್ಟರೊಬ್ಬರು. ಮೂವತ್ತು ವರ್ಷ ಒಲೆಯ ಮುಂದೆ ನಿಂತವರು; ಅಷ್ಟೂ ವರ್ಷ ಬೀಡಿ ಸೇದಿದವರು. ಕಳೆದ ತಿಂಗಳು ನಮ್ಮ ಕಾರ್ಯಾಲಯದ ಮೆಟ್ಟಿಲು ಹತ್ತುವಾಗ ಮೂರು ಸಲ ನಿಂತು ಉಸಿರೆಳೆದುಕೊಂಡರು. ಅವರಿಗಿರುವುದು ಶ್ವಾಸನಾಳಗಳು ಕಿರಿದಾಗುತ್ತ ಹೋಗುವ ಸಿ.ಓ.ಪಿ.ಡಿ. ಎಂಬ ರೋಗ. ದುಬೈಯಲ್ಲಿರುವ ಸೋದರಳಿಯನು "ಮಾವ, ಇದರಲ್ಲಿ ಹೊಗೆಯಿಲ್ಲ" ಎಂದು ಪ್ರೀತಿಯಿಂದ ಕೊಟ್ಟ ಉಪಕರಣವು ಅವರ ಜೇಬಿನಲ್ಲಿತ್ತು. ಡಾಕ್ಟರರನ್ನೇಕೆ ಕೇಳಲಿಲ್ಲವೆಂದೆವು. "ಬೀಡಿ ಬಿಟ್ಟೆನೆಂದು ಅವರಿಗೆ ಹೇಳಿಬಿಟ್ಟಿದ್ದೇನೆ, ಧಣಿಗಳೇ" ಎಂದು ತಲೆ ತಗ್ಗಿಸಿದರು.

ಈ ಪೇಚು ಅವರೊಬ್ಬರದಲ್ಲ. ಖೋಲಿಗಳಲ್ಲಿಯೂ ಕಚೇರಿಗಳಲ್ಲಿಯೂ ಇರುವ ನಮ್ಮ ಅನೇಕ ಬಂಧುಗಳದ್ದೂ ಇದೇ ಆಗಿರಬಹುದು. ಆದುದರಿಂದ ವಿಷಯವನ್ನು ನಿಷ್ಪಕ್ಷಪಾತವಾಗಿ ಪರಿಶೀಲಿಸೋಣ.

ಇ-ಸಿಗರೇಟಿನಲ್ಲಿ ಎಲೆ ಉರಿಯುವುದಿಲ್ಲ. ಬ್ಯಾಟರಿಯ ಶಾಖದಿಂದ ನಿಕೋಟಿನ್ ಬೆರೆತ ದ್ರವವು ಆವಿಯಾಗುತ್ತದೆ. ಬೀಡಿಯ ಟಾರು, ಇಂಗಾಲದ ಮೊನಾಕ್ಸೈಡು ಮುಂತಾದ ಉರಿಯಿಂದ ಹುಟ್ಟುವ ವಿಷಗಳು ಅದರಲ್ಲಿ ಬಹಳ ಕಡಿಮೆ. ಬ್ರಿಟನ್ನಿನ ಸರಕಾರಿ ಆರೋಗ್ಯಸೇವೆಯು, ಸಿಗರೇಟು ಬಿಡಲಾರದವರಿಗೆ ಇದನ್ನೊಂದು ಸಾಧನವೆಂದು ಒಪ್ಪಿರುವುದೂ ನಿಜ. ಆದರೆ ಅಲ್ಲಿ ದ್ರವದ ಗುಣಕ್ಕೂ ನಿಕೋಟಿನ್ ಪ್ರಮಾಣಕ್ಕೂ ಕಾನೂನಿನ ಕಟ್ಟಳೆಯುಂಟು. ಅದು ನಿರಪಾಯಕರವೆಂದು ಆ ಸೇವೆಯೂ ಹೇಳುವುದಿಲ್ಲ.

ಬೀಡಿಗಿಂತ ಕಡಿಮೆ ಕೆಡುಕೆಂಬುದು ಬೇರೆ, ಕೆಡುಕೇ ಅಲ್ಲವೆಂಬುದು ಬೇರೆ. ಆ ಆವಿಯಲ್ಲಿಯೂ ಸೂಕ್ಷ್ಮಕಣಗಳಿವೆ, ಶ್ವಾಸನಾಳವನ್ನು ಕೆರಳಿಸುವ ರಾಸಾಯನಿಕಗಳಿವೆ. ಆರೋಗ್ಯವಂತನು ತಡೆದುಕೊಳ್ಳಬಹುದಾದುದನ್ನು ರೋಗಿಯು ತಡೆಯಲಾರನು. ಈ ಉಪಕರಣವು ಚೀನದಲ್ಲಿ ರೂಪುಗೊಂಡುದು 2003ರಲ್ಲಿ. ದೀರ್ಘಕಾಲದ ಸೇವನೆಯ ಫಲವನ್ನು ತಿಳಿಯಲು ಇಷ್ಟು ಅವಧಿ ಸಾಲದು. 2019ರಲ್ಲಿ ಅಮೆರಿಕದಲ್ಲಿ ಇಂಥ ಉಪಕರಣಗಳನ್ನು ಬಳಸಿದವರಲ್ಲಿ ಶ್ವಾಸಕೋಶದ ಹಾನಿ ಹಬ್ಬಿತು. 2020ರ ಫೆಬ್ರವರಿಯೊಳಗಾಗಿ 2,807 ಮಂದಿ ಆಸ್ಪತ್ರೆ ಸೇರಿದರು ಅಥವಾ ಮೃತರಾದರು, ಅವರಲ್ಲಿ ಮೃತರು 68. ಬಹುಪಾಲು ಪ್ರಕರಣಗಳಿಗೆ ಕಾರಣವಾದುದು ಕಳ್ಳದಾರಿಯಲ್ಲಿ ಬಂದ, ಗಾಂಜಾದ ಸತ್ವ ಮತ್ತು ವಿಟಮಿನ್ ಇ ಅಸಿಟೇಟ್ ಬೆರೆತ ದ್ರವ.

ನಮ್ಮವರು ಲಕ್ಷ್ಯಕೊಡಬೇಕಾದುದು ಇಲ್ಲಿಯೇ. ಭಾರತದಲ್ಲಿ 2019ರ ಕಾಯಿದೆಯು ಇ-ಸಿಗರೇಟಿನ ಆಮದು, ಮಾರಾಟ, ದಾಸ್ತಾನುಗಳನ್ನು ನಿಷೇಧಿಸಿದೆ. ಮಾರಿದವನಿಗೆ ಮೊದಲ ತಪ್ಪಿಗೇ ಒಂದು ವರ್ಷದವರೆಗೆ ಸೆರೆ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. ಹೀಗಿರುವಲ್ಲಿ ಇಲ್ಲಿ ಕೈಗೆ ಸಿಕ್ಕುವುದೆಲ್ಲವೂ ಕದ್ದುಮುಚ್ಚಿ ಬಂದ ಸರಕು. ಒಳಗೇನಿದೆಯೆಂದು ಮಾರುವವನೂ ಅರಿಯನು. ಸೀಲಿಲ್ಲದ ಎಣ್ಣೆಯ ಡಬ್ಬವನ್ನು ಅಡಿಗೆಮನೆಗೆ ಬಿಟ್ಟುಕೊಳ್ಳದ ನಾವು, ಹೆಸರರಿಯದ ದ್ರವವನ್ನು ಎದೆಯೊಳಕ್ಕೆ ಬಿಟ್ಟುಕೊಳ್ಳುವುದೇ? ಮನೆಯಲ್ಲಿ ಆಮ್ಲಜನಕ ತೆಗೆದುಕೊಳ್ಳುವ ರೋಗಿಗಂತೂ, ಅದರ ಬಳಿ ಬೀಡಿಯಂತೆ ಈ ಉಪಕರಣವೂ ಬೆಂಕಿಯ ಭಯವೇ ಸರಿ.

ಆದುದರಿಂದ ನಮ್ಮ ಅಭಿಪ್ರಾಯ ಸ್ಪಷ್ಟವಿದೆ: ಶ್ವಾಸಕೋಶದ ರೋಗಿಯು ಇದನ್ನು ಹಿಡಿಯಬಾರದು. ಈಗಾಗಲೇ ಇದರ ಬಲದಿಂದ ಬೀಡಿ ಬಿಟ್ಟವನಿದ್ದರೆ ಮರಳಿ ಬೀಡಿಗೆ ಹೋಗಕೂಡದು. ವೈದ್ಯರಿಗೆ ನಿಜವನ್ನು ಹೇಳಿ ಎರಡನ್ನೂ ಬಿಡುವ ಮಾರ್ಗವನ್ನು ಕೇಳಬೇಕು. ಹಗಲು ಅದು, ರಾತ್ರಿ ಇದು ಎನ್ನುವವನಿಗಂತೂ ಎರಡರ ಕೇಡೂ ತಪ್ಪಿದ್ದಲ್ಲ. ನಿಕೋಟಿನ್ ಗಮ್ಮು, ಚರ್ಮದ ಪಟ್ಟಿ, ವೈದ್ಯರು ಕೊಡುವ ಮಾತ್ರೆಗಳು ಇವೆ. 1800-11-2356 ಎಂಬ ಉಚಿತ ದೂರವಾಣಿಯೂ ಇದೆ. ಆ ಸಂಖ್ಯೆಯು 2018ರಿಂದ ತಂಬಾಕಿನ ಪೊಟ್ಟಣಗಳ ಮೇಲೆಯೇ ಅಚ್ಚಾಗುತ್ತಿದೆ. ಭಟ್ಟರು ಅದನ್ನು ದಿನವೂ ಕೈಯಲ್ಲಿ ಹಿಡಿದೇ ಇದ್ದರು!

ಹೋಟೆಲು ಮಾಲಿಕರಿಗೂ ಒಂದು ಮಾತು. ಬೀಡಿಯ ತಪ್ಪನ್ನೆಲ್ಲ ಕೆಲಸಗಾರನ ತಲೆಗೆ ಕಟ್ಟುವುದು ಸುಲಭ. ಹೊಗೆ ಹೋಗಲು ದಾರಿಯಿಲ್ಲದ ಅಡಿಗೆಮನೆಯಲ್ಲಿ ಆತನನ್ನು ನಿಲ್ಲಿಸಿದವರು ಯಾರು? ನಾವೂ ಗಲ್ಲೆಯ ಮೇಲೆ ಕುಳಿತು ಆ ಕೆಮ್ಮನ್ನು ವರ್ಷಗಟ್ಟಲೆ ಕೇಳಿಸಿಕೊಂಡವರೇ. ಹೊಗೆಕೊಳವೆ ಹಾಕಿಸುವ ಖರ್ಚನ್ನು ಮುಂದಿನ ವರ್ಷಕ್ಕೆಂದು ತಳ್ಳಿದವರೇ. ಆ ತಪ್ಪನ್ನು ಇಂದು ಒಪ್ಪಿಕೊಳ್ಳುತ್ತೇವೆ. ಮಾಲಿಕರು ಒಲೆಯ ಮೇಲೆ ಹೊಗೆ ಹೋಗುವ ದಾರಿ ಮಾಡಿಸಲಿ. ಆಸ್ಪತ್ರೆಗೆ ಹೋಗುವವನಿಗೆ ಸಂಬಳ ಕಡಿಯದೆ ಅರ್ಧ ದಿನದ ರಜೆ ಕೊಡಲಿ.

ಭಟ್ಟರ ಜೊತೆಗೆ ನಾವೇ ಡಾಕ್ಟರರಲ್ಲಿಗೆ ಹೋದೆವು. ಉಪಕರಣವನ್ನು ಮೇಜಿನ ಮೇಲಿಟ್ಟು ಭಟ್ಟರು ಇದ್ದುದನ್ನು ಇದ್ದ ಹಾಗೆ ಹೇಳಿದರು. ಡಾಕ್ಟರರು ಬೈಯಲಿಲ್ಲ, ಔಷಧ ಬರೆದುಕೊಟ್ಟರು. ಬೈಗುಳಕ್ಕಂಜಿ ಸುಳ್ಳು ಹೇಳುತ್ತಿರುವ ಉಳಿದ ಬಂಧುಗಳೂ ಇಂದೇ ನಿಜವನ್ನು ಹೇಳಿ ಉಳಿದ ಉಸಿರನ್ನು ಉಳಿಸಿಕೊಳ್ಳಲಿ.