ಅಟ್ಟದ ಕಾಯಿ, ಕಡತದ ಯೋಜನೆ

2023ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರ ಸರ್ಕಾರ ಗೊತ್ತುಪಡಿಸಿದ್ದ ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ರೂಪಾಯಿ. ತಿಪಟೂರು ಮಾರುಕಟ್ಟೆಯ ದರ ಅದಕ್ಕಿಂತ ಸಾವಿರಾರು ರೂಪಾಯಿ ಕೆಳಗಿತ್ತು. ತುರುವೇಕೆರೆ, ತಿಪಟೂರು, ಚಿಕ್ಕನಾಯಕನಹಳ್ಳಿಯ ಬೆಳೆಗಾರರು ಬೀದಿಗಿಳಿದರು. ಆಗ ನಡೆದ ಸಭೆಗಳಲ್ಲೆಲ್ಲ ಒಂದೇ ಮಾತು: ಕೊಬ್ಬರಿಯೊಂದನ್ನೇ ನಂಬಿ ಕೂತರೆ ಆಗದು, ನಾರು ಮಾಡೋಣ, ಪುಡಿ ಮಾಡೋಣ, ಎಣ್ಣೆ ತೆಗೆಯೋಣ, ನೀರಾ ಇಳಿಸೋಣ. ಎರಡು ವರ್ಷ ಕಳೆಯಿತು. 2025ರಲ್ಲಿ ಅದೇ ಕೊಬ್ಬರಿ 20 ಸಾವಿರ ದಾಟಿತು. ಸಭೆಗಳೂ ನಿಂತವು, ಆ ಮಾತುಗಳೂ ನಿಂತವು. ದರ ಏರಿದ್ದು ನಮ್ಮ ಯಾವ ಯೋಜನೆಯ ಬಲದಿಂದಲೂ ಅಲ್ಲ. ಮರದಲ್ಲಿ ಕಾಯಿ ಕಡಿಮೆಯಾದದ್ದರಿಂದ.

ಕೈಯಲ್ಲಿ ನಾಲ್ಕು ಕಾಸು ಆಡುತ್ತಿರುವಾಗಲೇ ಹಿಂದಿರುಗಿ ನೋಡಬೇಕು. 1981ರಲ್ಲಿ ತೆಂಗು ಅಭಿವೃದ್ಧಿ ಮಂಡಳಿ ಹುಟ್ಟಿದಾಗಿನಿಂದ ಈ ಮೂರು ತಾಲ್ಲೂಕುಗಳಿಗೆ ಬಂದ ಯೋಜನೆಗಳಿಗೆ ಲೆಕ್ಕವಿಲ್ಲ. ಜಲಾನಯನ, ಕೆರೆ ಪುನಶ್ಚೇತನ, ಕೃಷಿ ಹೊಂಡ, ಬೆಳೆಗಾರರ ಸಂಘ, ಒಕ್ಕೂಟ, ಉತ್ಪಾದಕರ ಕಂಪನಿ. ಅವು ಎಷ್ಟು ಬಂದವು, ಎಷ್ಟು ಖರ್ಚಾಯಿತು ಎಂಬ ಚರ್ಚೆ ಆಗಾಗ ನಡೆಯುತ್ತದೆ. ಅವನ್ನು ಆರಿಸಿದವರು ಯಾರು, ಏನು ನೋಡಿ ಆರಿಸಿದರು ಎಂಬ ಚರ್ಚೆ ನಡೆದದ್ದು ಕಡಿಮೆ. ನನ್ನ ಕಣ್ಣಿಗೆ ಇದೇ ಮೊದಲ ಪ್ರಶ್ನೆ.

ಒಂದೇ ಕೆಲಸ ಎರಡು ರೀತಿಯಲ್ಲಿ ಆಯ್ಕೆಯಾದಾಗ ಏನಾಗುತ್ತದೆ ಎಂಬುದಕ್ಕೆ ಕೃಷಿ ಹೊಂಡವನ್ನೇ ತೆಗೆದುಕೊಳ್ಳಿ. ತಿಪಟೂರಿನಲ್ಲಿ ನೆಲೆಯೂರಿದ ಗ್ರಾಮೀಣಾಭಿವೃದ್ಧಿ ಸಂಸ್ಥೆ ಬೈಫ್ 90ರ ದಶಕದ ಕೊನೆಯಲ್ಲಿ ನಮ್ಮ ಮಗ್ಗುಲ ಅರಸೀಕೆರೆ ತಾಲ್ಲೂಕಿನ ಆದಿಹಳ್ಳಿ-ಮೈಲನಹಳ್ಳಿಯಲ್ಲಿ ಕೆಲಸ ಹಿಡಿಯಿತು. ಅಲ್ಲಿ ಹೊಂಡ ತೋಡಿದ್ದು ಯಾರ ಹೊಲದಲ್ಲಿ ಜಾಗವಿದೆ ಎಂದು ಕೇಳಿಕೊಂಡಲ್ಲ, ಮಳೆನೀರು ಎಲ್ಲಿಂದ ಎಲ್ಲಿಗೆ ಹರಿಯುತ್ತದೆ ಎಂದು ನೋಡಿಕೊಂಡು. ಮೇಲಿನ ಹೊಲದ ಹೊಂಡ ತುಂಬಿದರೆ ಕೋಡಿ ನೀರು ಕಾಲುವೆ ಹಿಡಿದು ಕೆಳಗಿನ ಹೊಲದ ಹೊಂಡಕ್ಕೆ ಇಳಿಯಬೇಕು, ಅದು ತುಂಬಿದರೆ ಇನ್ನೂ ಕೆಳಗಿನದಕ್ಕೆ. ಹೀಗೆ ನೂರಾರು ಹೊಂಡಗಳು ಒಂದಕ್ಕೊಂದು ಕೊಂಡಿಯಾದವು. ಬದುವಿನ ಮೇಲೆ ಮರ, ಮೇವು ಎದ್ದವು. ಹೊಂಡದಲ್ಲಿ ನೀರು ವರ್ಷವಿಡೀ ನಿಲ್ಲುವುದಿಲ್ಲ, ನಿಲ್ಲಬೇಕಾಗಿಯೂ ಇರಲಿಲ್ಲ. ಅದು ಇಂಗಿ ನೆಲದ ತೇವ ಹಿಡಿದಿಟ್ಟರೆ ಸಾಕಿತ್ತು.

2014ರಲ್ಲಿ ರಾಜ್ಯ ಸರ್ಕಾರ ಕೃಷಿ ಭಾಗ್ಯ ತಂದಿತು. ಹೊಂಡ, ತಳಕ್ಕೆ ಪ್ಲಾಸ್ಟಿಕ್ ಹಾಳೆ, ಡೀಸೆಲ್ ಪಂಪು, ತುಂತುರು ನೀರಾವರಿ, ಎಲ್ಲ ಒಂದೇ ಕಟ್ಟಿನಲ್ಲಿ. ಮಳೆ ಕೈಕೊಟ್ಟ ವಾರಗಳಲ್ಲಿ ರಾಗಿಯನ್ನು ಉಳಿಸಿಕೊಂಡವರು ಇದರಿಂದ ನಿಜವಾಗಿ ಬದುಕಿಕೊಂಡರು. ಆ ಉಪಕಾರವನ್ನು ಅಲ್ಲಗಳೆಯಲಾಗದು. ಆದರೆ ಆಯ್ಕೆಯ ಅಳತೆಗೋಲು ಬದಲಾಗಿತ್ತು. ಅರ್ಜಿ ಹಾಕಿದವನ ಜಮೀನಿಗೆ ಹೊಂಡ. ಹಾಕದವನ ಜಮೀನು ನೀರಿನ ದಾರಿಯಲ್ಲೇ ಇದ್ದರೂ ಬಿಟ್ಟುಹೋಯಿತು. ಹಳ್ಳದ ಹರಿವನ್ನು ನೋಡಿ ಆರಿಸಬೇಕಾದ ಕೆಲಸವನ್ನು ಪಹಣಿ ನೋಡಿ ಆರಿಸಿದೆವು. 2012ರ ನಂತರದ ಸಾಲು ಬರಗಳಲ್ಲಿ ಸುಳಿ ಒಣಗಿ ನಿಂತ ತೆಂಗಿನ ಮರಗಳನ್ನು ಕಂಡವರಿಗೆ ಈ ವ್ಯತ್ಯಾಸ ಎಷ್ಟು ದೊಡ್ಡದೆಂದು ಹೇಳಬೇಕಾಗಿಲ್ಲ.

ರೋಗ ಕೀಟಗಳ ವಿಷಯದಲ್ಲೂ ಇದೇ ತಪ್ಪು ಆಗಿದೆ. ನುಸಿ 90ರ ದಶಕದ ಕೊನೆಗೆ ಬಂತು, ಸುರುಳಿ ಬಿಳಿ ನೊಣ 2016ರಲ್ಲಿ ದೇಶಕ್ಕೆ ಕಾಲಿಟ್ಟಿತು, ಕಪ್ಪು ತಲೆ ಹುಳು ಇವೆರಡಕ್ಕೂ ಹಿಂದಿನಿಂದ ಇದೆ. ಕಪ್ಪು ತಲೆ ಹುಳುವನ್ನು ತಿನ್ನುವ ಗೋನಿಯೋಜಸ್ ಪರೋಪಜೀವಿಯನ್ನು ಒಂದು ತೋಟಕ್ಕೆ ಬಿಟ್ಟು ಪಕ್ಕದ ನಾಲ್ಕು ತೋಟಗಳನ್ನು ಬಿಟ್ಟರೆ ಹುಳು ಹೋಗುವುದಿಲ್ಲ. ಇಡೀ ಊರಿನ ತೋಟಗಳು ಒಟ್ಟಿಗೆ ಹಿಡಿಯಬೇಕಾದ ಕೆಲಸ ಇದು. ಫಲಾನುಭವಿ ಪಟ್ಟಿಯಲ್ಲಿ ಇದಕ್ಕೆ ಅಂಕಣವೇ ಇಲ್ಲ.

ಇನ್ನು ನಮ್ಮ ಸಂಘಗಳ ಮಾತು. ನಾನು ಹತ್ತಿರದಿಂದ ಕಂಡ ಒಂದು ಬೆಳೆಗಾರರ ಸಂಘ ನಾರು ಬಿಡಿಸುವ ಯಂತ್ರ ತರಲು ತೀರ್ಮಾನಿಸಿದ ದಿನ ನಾನೂ ಆ ಸಭೆಯಲ್ಲಿದ್ದೆ. ಮಾರ್ಚ್ ತಿಂಗಳು. ಸಹಾಯಧನಕ್ಕೆ ತಿಂಗಳ ಕೊನೆಯೇ ಗಡುವು. ಯಂತ್ರದ ಬೆಲೆ ಎಷ್ಟು, ಸಹಾಯಧನ ಎಷ್ಟು, ಸಂಘದ ಪಾಲು ಎಷ್ಟು ಎಂಬ ಮೂರು ಲೆಕ್ಕ ಮುಗಿಯುತ್ತಲೇ ಠರಾವು ಬರೆದಾಯಿತು. ಮಟ್ಟೆ ದಿನಕ್ಕೆ ಎಷ್ಟು ಗಾಡಿ ಬೇಕು, ನಾರನ್ನು ಕೊಳ್ಳುವವರು ಯಾರು, ತ್ರೀಫೇಸ್ ಕರೆಂಟು ಎಷ್ಟು ಹೊತ್ತು ಇರುತ್ತದೆ ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ, ಆ ಮೌನಕ್ಕೆ ಇಂದಿಗೂ ಬೇಸರವಿದೆ. ಯಂತ್ರ ಬಂತು, ಪೂಜೆಯಾಯಿತು, ಕೆಲವು ತಿಂಗಳು ಓಡಿತು, ನಿಂತಿತು. ಅದನ್ನು ತಂದ ಹಿರಿಯರು ದುರಾಸೆಯವರಲ್ಲ. ಊರಿಗೆ ಒಳ್ಳೆಯದಾಗಲಿ ಎಂದೇ ಓಡಾಡಿದವರು. ಅವರ ಮುಂದಿದ್ದ ಕಾಗದವೇ ಅವರಿಗೆ ಬೇರೆ ಪ್ರಶ್ನೆ ಕೇಳಲು ಬಿಡಲಿಲ್ಲ.

ಇದೇ ಜನ ಮನೆಯಲ್ಲಿ ಎಷ್ಟು ಎಚ್ಚರದವರು ನೋಡಿ! ಉಂಡೆ ಕೊಬ್ಬರಿಗೆ ಕಾಯಿಯನ್ನು ತಿಂಗಳುಗಟ್ಟಲೆ ಅಟ್ಟದ ಮೇಲೆ ಇಡುತ್ತಾರೆ. ತೆಗೆಯುವಾಗ ಕೈಯಲ್ಲಿ ಹಿಡಿದು ಅಲ್ಲಾಡಿಸಿ, ಒಳಗೆ ಕೊಬ್ಬರಿ ಚಿಪ್ಪು ಬಿಟ್ಟಿದೆಯೇ ಎಂದು ಸದ್ದಿನಿಂದಲೇ ತಿಳಿಯುತ್ತಾರೆ. ಬಿಡದಿದ್ದರೆ ಮತ್ತೆ ಅಟ್ಟಕ್ಕೆ. ಸಾವಿರ ಕಾಯಿಗೂ ಈ ತಾಳ್ಮೆ ತೋರಿಸುವ ಕೈ, ಲಕ್ಷಾಂತರ ರೂಪಾಯಿಯ ಯೋಜನೆಗೆ ಒಂದೇ ಸಂಜೆಯಲ್ಲಿ ರುಜು ಹಾಕುತ್ತದೆ.

ನೀರಾ ಕಥೆ ಇನ್ನೂ ನೋವಿನದು. 2001ರಲ್ಲಿ ಚನ್ನಪಟ್ಟಣ ತಾಲ್ಲೂಕಿನ ವಿಠಲೇನಹಳ್ಳಿಯಲ್ಲಿ ನೀರಾ ಇಳಿಸುವ ಹಕ್ಕಿಗಾಗಿ ನಿಂತ ರೈತರ ಮೇಲೆ ಗುಂಡು ಹಾರಿತು, ಜೀವ ಹೋಯಿತು. ಆ ಹಕ್ಕನ್ನು ಕಾನೂನು ಒಪ್ಪಲು ಒಂದೂವರೆ ದಶಕವೇ ಬೇಕಾಯಿತು. ಹಕ್ಕು ಕೈಗೆ ಬಂದಾಗ ಎದುರಾದದ್ದು ಬೇರೆಯದೇ ಪ್ರಶ್ನೆ: ದಿನಕ್ಕೆ ಎರಡು ಬಾರಿ ಮರ ಹತ್ತುವವರು ಯಾರು, ಇಳಿಸಿದ ಗಳಿಗೆಯಿಂದ ತಂಪಿನಲ್ಲೇ ಸಾಗಿಸುವುದು ಹೇಗೆ? ಕಾಯಿ ಕೀಳಲೇ ಆಳು ಸಿಗದ ನಾಡು ಇದು. ತೆಂಗು ಅಭಿವೃದ್ಧಿ ಮಂಡಳಿ 2011ರಲ್ಲಿ ಆರಂಭಿಸಿದ, ಯಂತ್ರ ಕಟ್ಟಿಕೊಂಡು ಮರ ಹತ್ತುವ ‘ತೆಂಗಿನ ಮರ ಸ್ನೇಹಿತರು’ ತರಬೇತಿಯನ್ನು ನಾನು ಮೆಚ್ಚುವುದು ಇದಕ್ಕೇ. ಅದು ದೊಡ್ಡ ಕಾರ್ಖಾನೆಯ ಕನಸಿನಿಂದ ಹುಟ್ಟಲಿಲ್ಲ, ಮರ ಹತ್ತುವವರಿಲ್ಲ ಎಂಬ ತೊಂದರೆಯಿಂದ ಹುಟ್ಟಿತು.

ತಿಪಟೂರು ತಾಲ್ಲೂಕಿನ ಕೋಡಿಹಳ್ಳಿಯಲ್ಲಿ 2010ರಲ್ಲಿ ಹುಟ್ಟಿದ ಹಾಲಿನ ಸಂಸ್ಥೆ ಅಕ್ಷಯಕಲ್ಪವೂ ಹೀಗೆಯೇ. ಹೊಸದೇನನ್ನೋ ಹೊರಗಿನಿಂದ ಹೊತ್ತು ತರದೆ, ತೆಂಗಿನ ತೋಟದಲ್ಲಿ ಆಗಲೇ ಕಟ್ಟಿದ್ದ ಹಸುವನ್ನು ಹಿಡಿದುಕೊಂಡಿತು. ಹಾಲು ಪೇಟೆಗೆ, ಸಗಣಿ ಗಂಜಲ ತೆಂಗಿನ ಬುಡಕ್ಕೆ. ಅದನ್ನು ಕಟ್ಟಿದವರಲ್ಲಿ ಒಬ್ಬರಾದ ಜಿ.ಎನ್.ಎಸ್. ರೆಡ್ಡಿಯವರು ಅದಕ್ಕೂ ಮೊದಲು ಬೈಫ್‌ನಲ್ಲಿ ದುಡಿದ ಪಶುವೈದ್ಯರು ಎಂಬುದು ಆಕಸ್ಮಿಕವಲ್ಲ.

ಈ ಮಾತನ್ನೆಲ್ಲ ಈಗ ತೆಗೆಯಲು ಕಾರಣವಿದೆ. ಗಣಿಗಾರಿಕೆಯಿಂದ ಬೆಂದ ಚಿಕ್ಕನಾಯಕನಹಳ್ಳಿ ಸೀಮೆಗೆ ಈ ಹಿಂದೆ ಎಂದೂ ಕಾಣದಷ್ಟು ಹಣ ಬರುವ ದಾರಿ ತೆರೆದಿದೆ. 2011ರಲ್ಲಿ ಸುಪ್ರೀಂ ಕೋರ್ಟ್ ತುಮಕೂರು ಜಿಲ್ಲೆಯಲ್ಲೂ ಕಬ್ಬಿಣದ ಅದಿರು ಗಣಿಗಾರಿಕೆ ನಿಲ್ಲಿಸಿತು. ಗಣಿಬಾಧಿತ ನಾಲ್ಕು ಜಿಲ್ಲೆಗಳ ಪುನಶ್ಚೇತನಕ್ಕೆ ಸುಮಾರು 25 ಸಾವಿರ ಕೋಟಿ ರೂಪಾಯಿಯ ಯೋಜನೆಗೆ 2022ರಲ್ಲಿ ಅದೇ ನ್ಯಾಯಾಲಯ ಒಪ್ಪಿಗೆ ಕೊಟ್ಟು, ಮೇಲ್ವಿಚಾರಣೆಗೆ ನಿವೃತ್ತ ನ್ಯಾಯಮೂರ್ತಿ ಬಿ. ಸುದರ್ಶನ ರೆಡ್ಡಿ ಅವರನ್ನು ನೇಮಿಸಿತು. ಜಿಲ್ಲಾ ಖನಿಜ ಪ್ರತಿಷ್ಠಾನದ ಹಣ ಬೇರೆ. ಅದರಲ್ಲಿ ಕುಡಿಯುವ ನೀರು, ಆರೋಗ್ಯ, ಶಿಕ್ಷಣದಂಥ ಆದ್ಯತೆಯ ಕೆಲಸಗಳಿಗೆ 2015ರ ನಿಯಮದಂತೆ ಶೇ 60ರಷ್ಟು ಹೋಗಬೇಕಿತ್ತು; 2024ರಲ್ಲಿ ಅದನ್ನು ಶೇ 70ಕ್ಕೆ ಏರಿಸಿದರು. ಪಾಲು ಗೊತ್ತುಮಾಡುವ ನಿಯಮ ಇದೆ. ಯಾವ ಊರಿನ ಯಾವ ಕೆರೆ ಮೊದಲು ಎಂದು ಹೇಳುವ ನಿಯಮ ಇಲ್ಲ, ಇರಲೂ ಸಾಧ್ಯವಿಲ್ಲ. ಕೆರೆಗೆ ಗಣಿಮಣ್ಣು ತುಂಬಿದ ಹಳ್ಳಿಗೆ ಸಮುದಾಯ ಭವನ ಸಿಕ್ಕರೆ ಅದು ಆ ಹಳ್ಳಿಗೆ ಆದ ಎರಡನೇ ಅನ್ಯಾಯ.

ಆಯ್ಕೆಯ ಅಧಿಕಾರ ಊರಿನ ಕೈಯಲ್ಲಿ ಇಲ್ಲವೇ ಇಲ್ಲ ಎನ್ನುವಂತಿಲ್ಲ. 1993ರ ಪಂಚಾಯತ್ ರಾಜ್ ಕಾನೂನಿನಿಂದ ಹಿಡಿದು ‘ನಮ್ಮ ಗ್ರಾಮ ನಮ್ಮ ಯೋಜನೆ’ಯವರೆಗೆ ಗ್ರಾಮಸಭೆಯೇ ಆರಿಸಲಿ ಎಂದೇ ಬರೆದಿದೆ. ಸಭೆಯಲ್ಲಿ ನಾವು ಕೊಡುವುದು ಬೇಡಿಕೆಯ ಪಟ್ಟಿ ಮಾತ್ರ. ಹಿಂದೆ ಮಾಡಿದ ಕೆಲಸ ಏನಾಯಿತು ಎಂದು ನೋಡಿಬಂದು ಮಾತಾಡುವವರು ವಿರಳ.

ಮುಂದಿನ ಗ್ರಾಮಸಭೆಗೆ ಹೋಗುವ ಪ್ರತಿಯೊಬ್ಬರಲ್ಲೂ, ಸಂಘಗಳ ನಿರ್ದೇಶಕರಲ್ಲೂ ನನ್ನದೊಂದು ಬೇಡಿಕೆ. ಕಳೆದ ಹತ್ತು ವರ್ಷಗಳಲ್ಲಿ ನಿಮ್ಮ ಊರಿನಲ್ಲಿ ನಡೆದ ಕಾಮಗಾರಿಗಳ ಪಟ್ಟಿಯನ್ನು ಪಂಚಾಯಿತಿಯಿಂದ ಕೇಳಿ ಪಡೆಯಿರಿ. 2005ರ ಮಾಹಿತಿ ಹಕ್ಕು ಕಾನೂನು ಅದನ್ನು ನಿಮಗೆ ಕೊಡಿಸುತ್ತದೆ. ಕ್ರಿಯಾ ಯೋಜನೆ ಬರೆಯುವ ಮೊದಲು ಒಂದು ಬೆಳಗ್ಗೆ ಆ ಪಟ್ಟಿ ಹಿಡಿದು ಹತ್ತು ಜನ ಊರು ಸುತ್ತಿ, ಪ್ರತಿ ಸಾಲಿನ ಮುಂದೆ ಕೆಲಸ ಇದೆಯೋ ಇಲ್ಲವೋ ಎಂದು ಬರೆಯಿರಿ. ಆ ಹಾಳೆಯನ್ನು ಸಭೆಯಲ್ಲಿ ಎಲ್ಲರ ಮುಂದೆ ಗಟ್ಟಿಯಾಗಿ ಓದಿ. ಹೊಸ ಪಟ್ಟಿ ಆಮೇಲೆ ಶುರುವಾಗಲಿ.