ಬೆಟ್ಟದ ದಾರಿ ಆಟದ ಬಯಲಲ್ಲ

ಬಿಳಿಗಿರಿರಂಗನ ಬೆಟ್ಟದಲ್ಲಿಯೂ ಮಲೆ ಮಹದೇಶ್ವರ ಬೆಟ್ಟದಲ್ಲಿಯೂ ಯುರೋಪಿನ ಆಲ್ಪ್ಸ್ ಮಾದರಿಯ ಸೈಕಲ್ ದಾರಿಗಳನ್ನು ತೆರೆಯಬೇಕೆಂಬ ಮಾತು ಇತ್ತೀಚೆಗೆ ಕೆಲವು ತರುಣರ ಬಾಯಿಂದ ಕೇಳಿಬರುತ್ತಿದೆ. ಅವರಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳೂ ಇದ್ದಾರೆ. ಅವರ ಉತ್ಸಾಹ ಮೆಚ್ಚತಕ್ಕದ್ದೇ. ಆದರೆ ಅವರ ಬೇಡಿಕೆಯನ್ನು ನಾನು ಖಂಡಿತವಾಗಿ ವಿರೋಧಿಸುತ್ತೇನೆ.

ಫ್ರಾನ್ಸಿನ ಮೊರ್ಜಿನ್, ಲೇ ಜೇ ಮೊದಲಾದ ಊರುಗಳು ಚಳಿಗಾಲದಲ್ಲಿ ಹಿಮದ ಮೇಲೆ ಜಾರುವ ಆಟಕ್ಕೆ ಹೆಸರಾದವು. ಹಿಮ ಕರಗಿದ ಬೇಸಿಗೆಯಲ್ಲಿ ಅದೇ ತಂತಿಯ ತೊಟ್ಟಿಲುಗಳು ಸೈಕಲ್ಲುಗಳನ್ನು ಮೇಲಕ್ಕೆ ಹೊತ್ತೊಯ್ಯುತ್ತವೆ. ಸವಾರರು ಹುಲ್ಲುಗಾವಲುಗಳ ನಡುವೆ ಇಳಿದುಬರುತ್ತಾರೆ. ಅಲ್ಲಿ ತಿರುವಿನಲ್ಲಿ ಎದುರಾಗುವುದು ಹೆಚ್ಚೆಂದರೆ ಒಂದು ಹಸು. ನಮ್ಮಲ್ಲಿ ಎದುರಾಗುವುದು ಮರಿಯೊಡನಿರುವ ಆನೆ.

ಸೈಕಲ್ಲಿಗೆ ಹೊಗೆಯಿಲ್ಲ, ಸದ್ದಿಲ್ಲ, ಆದ್ದರಿಂದ ಕಾಡಿಗೆ ಕೇಡಿಲ್ಲ ಎಂದು ವಾದಿಸುತ್ತಾರೆ. ಸದ್ದಿಲ್ಲದಿರುವುದೇ ಇಲ್ಲಿ ಅಪಾಯ! ಮಾದಪ್ಪನ ಪರಿಷೆಗೆ ನಡೆದುಹೋಗುವ ಭಕ್ತರು ಗುಂಪುಗುಂಪಾಗಿ, 'ಉಘೇ ಉಘೇ' ಎನ್ನುತ್ತಾ ಸಾಗುತ್ತಾರೆ. ಅದು ಭಕ್ತಿಯೂ ಹೌದು, 'ನಾವು ಬರುತ್ತಿದ್ದೇವೆ' ಎಂದು ಕಾಡಿಗೆ ಕೊಡುವ ಮುನ್ಸೂಚನೆಯೂ ಹೌದು. ಸೋಲಿಗರು ನಡೆಯುವಾಗ ಲದ್ದಿಯ ಹಸಿ, ಮುರಿದ ಕೊಂಬೆ, ಗಾಳಿಯ ವಾಸನೆಗಳನ್ನು ಓದುತ್ತಾ ನಡೆಯುತ್ತಾರೆ. ವೇಗವಾಗಿ, ಮೌನವಾಗಿ ಇಳಿಜಾರಿನಲ್ಲಿ ನುಗ್ಗುವ ಸವಾರನಿಗೆ ಓದಲು ವ್ಯವಧಾನವಿಲ್ಲ. ಪ್ರಾಣಿಗೆ ಸರಿದು ನಿಲ್ಲಲು ಅವಕಾಶವಿಲ್ಲ.

ಇದಕ್ಕಿಂತ ಮುಖ್ಯವಾದದ್ದು ನ್ಯಾಯದ ಪ್ರಶ್ನೆ. ಬಿಳಿಗಿರಿರಂಗನ ಬೆಟ್ಟವು 1974ರಲ್ಲಿ ವನ್ಯಜೀವಿಧಾಮವಾಯಿತು. ಸೋಲಿಗರ ಬೇಟೆ ನಿಂತಿತು, ಅಲೆಮಾರಿ ಬೇಸಾಯ ನಿಂತಿತು. ಅವರನ್ನು ಪೋಡುಗಳಲ್ಲಿ ನೆಲೆ ನಿಲ್ಲಿಸಲಾಯಿತು. 2002ರ ಕಾಯ್ದೆ ತಿದ್ದುಪಡಿಯ ತರುವಾಯ ಜೇನು, ನೆಲ್ಲಿಕಾಯಿ ತರುವುದಕ್ಕೂ ತಡೆಯುಂಟಾಯಿತು. 2011ರಲ್ಲಿ ಅದು ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ, 2006ರ ಅರಣ್ಯ ಹಕ್ಕು ಕಾಯ್ದೆಯಂತೆ, ಬಹುಕಾಲದ ಹೋರಾಟದ ನಂತರ ಸೋಲಿಗರಿಗೆ ಸಮುದಾಯದ ಹಕ್ಕು ದೊರೆಯಿತು. ತಲೆಮಾರುಗಳಿಂದ ಅಲ್ಲೇ ಬಾಳಿದವರು ಒಂದು ಹಿಡಿ ನೆಲ್ಲಿಕಾಯಿಗಾಗಿ ಕಾಯಬೇಕಾದ ಕಾಡನ್ನು, ಶನಿವಾರ ಬಂದು ಭಾನುವಾರ ಹಿಂತಿರುಗುವವರ ವಿನೋದಕ್ಕೆ ತೆರೆದಿಡುವುದು ಯಾವ ನೀತಿ? ಆ ಕಾಲುದಾರಿಗಳು ದೊಡ್ಡ ಸಂಪಿಗೆಯಂತಹ ಪೂಜ್ಯ ತಾಣಗಳಿಗೆ ಹೋಗುವ ದಾರಿಗಳು. ದೇವಸ್ಥಾನದ ಪ್ರಾಕಾರದಲ್ಲಿ ಯಾರಾದರೂ ಸೈಕಲ್ ಪಂದ್ಯ ನಡೆಸುವರೇ? 2013ರಲ್ಲಿ ವನ್ಯಜೀವಿಧಾಮವಾದ ಮಾದಪ್ಪನ ಬೆಟ್ಟಕ್ಕೂ ಇದೇ ಮಾತು ಸಲ್ಲುತ್ತದೆ.

ಹಾಗಾದರೆ ತರುಣರು ಸೈಕಲ್ ತುಳಿಯಬಾರದೇ? ಧಾರಾಳವಾಗಿ ತುಳಿಯಲಿ. ಕೊಳ್ಳೇಗಾಲದಿಂದ ಶಿವನಸಮುದ್ರದ ಭರಚುಕ್ಕಿಗೆ ಹೋಗಲಿ. ಹನೂರಿನ ಕಡೆಯಿಂದ ಒಡೆಯರಪಾಳ್ಯದ ಟಿಬೆಟನ್ನರ ನೆಲೆಗೆ ಹೋಗಿ ನೋಡಿಬರಲಿ. ಯಳಂದೂರಿನ ಸುತ್ತಣ ಕೆರೆ ಏರಿಗಳು, ಹಿಪ್ಪುನೇರಳೆ ತೋಟಗಳ ನಡುವಣ ಬಂಡಿದಾರಿಗಳು ಏನು ಕಡಿಮೆಯೇ? ರಾಜ್ಯಕ್ಕೆ ಕೀರ್ತಿ ತಂದ ವಿಜಯಪುರ, ಬಾಗಲಕೋಟೆಯ ಸೈಕಲ್ ಪಟುಗಳು ಬೆಳೆದದ್ದು ಬಯಲುಸೀಮೆಯ ರಸ್ತೆಗಳಲ್ಲಿಯೇ.

ಇನ್ನೊಂದು ಮಾತು. ಸೈಕಲ್ಲಿನ ಮೇಲೆ ನಿಜವಾದ ಅಕ್ಕರೆಯಿದ್ದರೆ ನಮ್ಮ ಮಕ್ಕಳತ್ತ ನೋಡಿ. 2006-07ರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಸರ್ಕಾರ ಉಚಿತವಾಗಿ ಸೈಕಲ್ ಕೊಡತೊಡಗಿತು. ಹತ್ತಿರ ಪ್ರೌಢಶಾಲೆಯಿಲ್ಲದ ಹಳ್ಳಿಗಳ ಹೆಣ್ಣುಮಕ್ಕಳು ಅದರಿಂದ ಓದು ಮುಂದುವರಿಸಿದ್ದನ್ನು ತರಗತಿಯಲ್ಲಿ ನಿಂತು ಕಣ್ಣಾರೆ ಕಂಡವನು ನಾನು. ಕೋವಿಡ್ ಕಾಲದಲ್ಲಿ ಆ ವಿತರಣೆ ನಿಂತಿತು. ಅದು ನಿಂತಾಗ ಈ ಸೈಕಲ್ ಪ್ರಿಯರಲ್ಲಿ ಎಷ್ಟು ಮಂದಿ ಮನವಿಪತ್ರ ಬರೆದರು? ಬೆಟ್ಟದ ದಾರಿಗಾಗಿ ಎತ್ತುವ ದನಿಯಲ್ಲಿ ಅರ್ಧದಷ್ಟನ್ನು ಶಾಲೆಯ ದಾರಿಗಾಗಿ ಎತ್ತಿದರೆ, ಈ ಮೇಷ್ಟ್ರು ತನ್ನ ಹಳೆಯ ಸೈಕಲ್ ಹೊರತೆಗೆದು ನಿಮ್ಮ ಜೊತೆಯಲ್ಲೇ ಬರುತ್ತಾನೆ. ಆದರೆ ಬೆಟ್ಟದ ತಪ್ಪಲಿನವರೆಗೆ ಮಾತ್ರ.